ಚಾತಾಳ ಎಡಗಣ್ಣು

ಎದೆಲ್ಮಿರಾಳ ಕೋಪ ಮೂಗಿನ ತುದಿಯಲ್ಲೇ ಎಂಬುದು ತೊಲೂಕಾ ಎಂಬ ಬೆಟ್ಟದೂರಿನ ಆ ಬೀದಿಗೆಲ್ಲ ಗೊತ್ತು. ಸುಣ್ಣದ ನೀರಲ್ಲಿ ಬೆಂದ ಮೆಕ್ಕೆಜೋಳ ಅರೆದು ತೋರ್ತಿಯಾ ರೊಟ್ಟಿ ಸುಡುವ ಅಂಗಡಿ ಅವಳದು. ಸಾಲಿನ ನಡುವೆ ಯಾರಾದರೂ ನುಗ್ಗಿದರೆ ಹಿಟ್ಟಿನ ಕೈಯಲ್ಲೇ ಬೆನ್ನಿಗೊಂದು ಬಿಡುತ್ತಿದ್ದಳು. ಆದರೆ ಜನವರಿಯ ಆ ಬೆಳಿಗ್ಗೆ ಮಗಳು ಒತಿಲಿಯಾ ಬಂದು ಹೇಳಿದ ಸುದ್ದಿಗೆ ಬಂದ ಕೋಪವೇ ಬೇರೆ.

"ಅಮ್ಮಾ, ಚಾತಾ ತಿಂಗಳಿಂದ ಏನೂ ತಿಂದಿಲ್ಲ. ಪೊರೆನೂ ಬಿಡ್ತಿಲ್ಲ. ಇವ್ರು ಏನೇನೋ ಮಾಡ್ತಿದಾರೆ, ನೀನೇ ಬಂದು ನೋಡು."

ಚಾತಾ ಒಂದು ಹೆಬ್ಬಾವು. ಕರಾವಳಿಯಲ್ಲಿ, ಎದೆಲ್ಮಿರಾಳ ತವರಿನ ಜೋಳದ ಕಣಜದಲ್ಲಿ ಇಲಿ ಹಿಡಿದುಕೊಂಡು ಮನೆಯವರಲ್ಲೊಬ್ಬಳಾಗಿ ಇದ್ದವಳು. ತಾಯಿ ತೀರಿಕೊಂಡ ಮೇಲೆ ಎದೆಲ್ಮಿರಾ ಅವಳನ್ನು ಗೋಣಿಚೀಲದಲ್ಲಿಟ್ಟು, ಬಸ್ಸಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ಈ ಚಳಿಯ ಬೆಟ್ಟದೂರಿಗೆ ತಂದಿದ್ದಳು. ಮಗಳ ಮದುವೆಯಲ್ಲಿ ಅಳಿಯ ಹಿಲ್ದಾರ್ದೊ, ತನ್ನ ಬೂಟಿನ ಅಂಗಡಿಗೆ ಅದೃಷ್ಟ ಬರುತ್ತದೆ, ಚಾತಾಳನ್ನು ಕೊಡಿ ಎಂದು ಹಲ್ಲುಗಿಂಜಿ ಕೇಳಿದ. ಕೊಟ್ಟುಬಿಟ್ಟಳು.

ಅಳಿಯನ ಅಂಗಡಿಗೆ ಹೋಗಿ ನೋಡಿದರೆ, ಬೀದಿಗೆ ಕಾಣುವಂತೆ ಒಂದು ಗಾಜಿನ ಪೆಟ್ಟಿಗೆ. ಮೇಲೆ ಉರಿಯುವ ಬಲ್ಬು, ಕೆಳಗೆ ಒಣ ಪತ್ರಿಕೆ ಹಾಳೆ. ಮೈ ಅಡಗಿಸಿಕೊಳ್ಳಲು ಒಂದು ಮೂಲೆಯೂ ಇಲ್ಲ. ಹೋಗಿಬರುವವರೆಲ್ಲ ಗಾಜು ಕುಟ್ಟುತ್ತಿದ್ದರು. ಚಾತಾ ಗಾಜಿಗೆ ಮೂತಿ ಉಜ್ಜಿ ಉಜ್ಜಿ ಹುಣ್ಣು ಮಾಡಿಕೊಂಡಿದ್ದಳು. ಹಳೇ ಗೋಡೆಯ ಸುಣ್ಣದ ಹಾಗೆ ಮೈತುಂಬ ಪೊರೆ ಚಕ್ಕೆ ಎದ್ದಿತ್ತು. ಎರಡು ಕಣ್ಣಿನ ಮೇಲೂ ಒಣಗಿದ ಪೊರೆ. ಎಡಗಣ್ಣಿನ ಸುತ್ತ ರಕ್ತ. ಹಿಲ್ದಾರ್ದೊ ಚಿಮಟ ಹಿಡಿದು ನಿಂತಿದ್ದ.

"ಏನೋ ಮಾಡ್ದೆ ಅದರ ಕಣ್ಣಿಗೆ?"

"ಅಂಟ್ಕೊಂಡಿತ್ತು ಅತ್ತೆ, ಸ್ವಲ್ಪ ಎಳ್ದೆ ಅಷ್ಟೆ. ತಲೆಯಿಂದ ಬಾಲದವರೆಗೆ ಪೊರೆ ಇಡಿಯಾಗಿ ಸಿಕ್ರೆ ಬಾಗಿಲ ಮೇಲೆ ಕಟ್ಟೋಣ ಅಂತ. ವ್ಯಾಪಾರ ಆಗತ್ತಂತಲ್ಲ, ನಿಮ್ಮೂರಲ್ಲೂ ಕಟ್ತಾರಲ್ಲ..."

"ನಮ್ಮೂರಲ್ಲಿ ಅದಾಗೇ ಬಿಟ್ಟಿದ್ದನ್ನ ಎತ್ತಿ ಕಟ್ತಾರೆ ಕಣೋ ಮುಠ್ಠಾಳ! ಜೀವಂತ ಇರೋದನ್ನ ಸುಲಿದು ಕಟ್ಟಲ್ಲ!"

ಅವಳು ಸರಕ್ಕನೆ ಅವನ ಕೈ ಹಿಡಿದುಕೊಂಡಳು. ಹೆಬ್ಬೆರಳಿನ ಉಗುರಿನ ಪಕ್ಕ ಒಂಚೂರು ಒಣಚರ್ಮ ಎದ್ದಿತ್ತು. ಅದನ್ನು ಹಿಡಿದು ಎಳೆದೇ ಎಳೆದಳು. ಅಳಿಯ "ಅಯ್ಯಯ್ಯೋ!" ಎಂದು ಒಂಟಿಕಾಲಲ್ಲಿ ಕುಣಿದ. ಬೂಟು ನೋಡುತ್ತಿದ್ದವರು ಗೊಳ್ಳೆಂದು ನಕ್ಕರು.

"ಹೆಂಗಿತ್ತು ಅಳಿಯಂದ್ರೇ? ಬಂತಾ ಅದೃಷ್ಟ?"

ಕೇಳಲಿಲ್ಲ, ಹೇಳಲಿಲ್ಲ, ಚಾತಾಳನ್ನು ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಹೊರಟೇಬಿಟ್ಟಳು.

ಜೋಳ ಬೇಯುವ ಹಂಡೆಯ ಪಕ್ಕ ಸದಾ ಬೆಚ್ಚಗೆ, ತೇವವಾಗಿ ಇರುತ್ತಿತ್ತು. ದೊಡ್ಡ ಟಬ್ಬೊಂದನ್ನು ಸುಣ್ಣದ ಸೋಂಕಿಲ್ಲದಂತೆ ತಿಕ್ಕಿ ತೊಳೆದು, ಉಗುರುಬೆಚ್ಚಗಿನ ನೀರಲ್ಲಿ ಹಳೇ ಬಟ್ಟೆ ಅದ್ದಿ ಹಾಸಿದಳು. ಮೈ ಉಜ್ಜಿಕೊಳ್ಳಲು ಒರಟು ಕೊರಡೊಂದನ್ನು ಇಟ್ಟು, ಚಾತಾಳನ್ನು ಬಿಟ್ಟು, ತೂತಿನ ಮುಚ್ಚಳ ಹಾಕಿ ಮೇಲೆ ಕಲ್ಲು ಹೇರಿದಳು. "ಇದನ್ನ ಯಾರಾದ್ರೂ ತೆಗೆದ್ರೆ ಕೈನ ಹಿಟ್ಟಿನ ಜೊತೆ ಅರೆದುಬಿಡ್ತೀನಿ" ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಸಾರಿದಳು. ಬಟ್ಟೆ ಆರಿದಾಗೆಲ್ಲ ಮತ್ತೆ ಅದ್ದಿ ಹಾಸಿದಳು. ಆ ಕಣ್ಣು ನೋಡಿ ಕೈ ಚಡಪಡಿಸಿದರೂ ಮುಟ್ಟಲಿಲ್ಲ. ಮೂರು ದಿನ ಅಳಿಯನ ವಂಶವನ್ನೆಲ್ಲ ಜಾಲಾಡಿದಳು.

ನಾಲ್ಕನೇ ದಿನ ಪೊರೆ ಬಿಟ್ಟಿತು, ತುಂಡು ತುಂಡಾಗಿ. ಬಲಗಣ್ಣು ಫಳಫಳ ಹೊಳೆಯಿತು. ಎಡಗಣ್ಣಿನ ಪೊರೆಯೂ ಹೋಗಿತ್ತು, ಆದರೆ ಅಡಿಯಲ್ಲಿ ಕಣ್ಣು ಬೆಳ್ಳಗೆ ಗುಳಿಬಿದ್ದಿತ್ತು. ಪಕ್ಕದ ಬೀದಿಯ ಪಶುವೈದ್ಯೆ ಬಂದು ಟಾರ್ಚು ಹಾಕಿ ನೋಡಿ, "ಇದು ಹೋಯ್ತು ಎದೆಲ್ಮಿರಾ" ಎಂದಳು.

ಭಾನುವಾರ ಹಿಲ್ದಾರ್ದೊ ಬಂದ. ಬೆರಳಿಗೆ ಪಟ್ಟಿ, ಕೈಯಲ್ಲಿ ಸಿಹಿಬ್ರೆಡ್ಡಿನ ಪೊಟ್ಟಣ.

"ತಪ್ಪಾಯ್ತು ಅತ್ತೆ. ದೊಡ್ಡ ಪೆಟ್ಟಿಗೆ ಮಾಡಿಸ್ತೀನಿ. ಒಳಗೆ ಗೂಡು, ನೀರಿನ ಬೋಗುಣಿ ಎಲ್ಲಾ ಇಡ್ತೀನಿ. ಕಳಿಸಿಕೊಡಿ."

"ಕಳಿಸಲ್ಲ."

"ಬಯ್ಯೋದಿದ್ರೆ ಬಯ್ದುಬಿಡಿ ಅತ್ತೆ, ಹಿಂಗೆ ಸುಮ್ನೆ ನಿಲ್ಬೇಡಿ."

ಎದೆಲ್ಮಿರಾಳ ಬಾಯಿತುಂಬ ಬೈಗುಳವಿತ್ತು. ಆದರೆ ಚಾತಾ ಅವಳ ತೋಳು ಸುತ್ತಿಕೊಂಡು, ಕುರುಡುಗಣ್ಣಿನ ಕಡೆಯನ್ನು ಅವಳ ಕಂಕುಳಿಗೆ ಒತ್ತಿಕೊಂಡಿದ್ದಳು.

"ಆ ಗಾಜಿನ ಪೆಟ್ಟಿಗೆನ ಮದುವೆ ದಿನಾನೇ ತೋರಿಸಿದ್ದೆ ನೀನು," ಎಂದಳು. "ಅದರಲ್ಲಿ ಇವಳು ಮೈ ಚಾಚೋಕೂ ಆಗಲ್ಲ ಅಂತ ನಂಗೆ ಅವತ್ತೇ ಗೊತ್ತಾಯ್ತು. ಹೊಸ ಬೀಗರು, ಮುಖ ಯಾಕೆ ಮುರಿಯೋದು ಅಂತ ನಕ್ಕೊಂಡು ಫೋಟೋಗೆ ನಿಂತೆ. ಊರಿಗೆಲ್ಲ ಬಯ್ಯೋ ನಾನು ಅವತ್ತೊಂದಿನ ಬಾಯಿ ಮುಚ್ಕೊಂಡೆ. ಈ ಕಣ್ಣು ನೀನೊಬ್ನೇ ತೆಗೆದಿದ್ದಲ್ಲ ಕಣೋ."