ಬಾಗಿಲ ಹತ್ತಿರದ ಜಾಗ

ನಮ್ಮಕ್ಕ ಆಮ್ರಪಾಲಿ ಬಸ್ಸಿನಲ್ಲಿ ಕೂತ ಕೂಡಲೇ ನಿದ್ದೆ ಹೋಗುತ್ತಾಳೆ. ವಿಜಯಪುರದ ಸ್ಟ್ಯಾಂಡಿನಿಂದ ಬಸ್ಸು ಇನ್ನೂ ಹೊರಟಿರುವುದಿಲ್ಲ, ಕಂಡಕ್ಟರ್ ಟಿಕೆಟ್ ಕೇಳುತ್ತ ಬಂದಿರುವುದಿಲ್ಲ, ಅಷ್ಟರಲ್ಲೇ ಅವಳ ತಲೆ ಕಿಟಕಿಯ ಸರಳಿಗೆ ತಾಗಿರುತ್ತದೆ. ಆ ದಾರಿಯ ಕಂಡಕ್ಟರುಗಳಿಗೆಲ್ಲ ಅವಳ ಪರಿಚಯ. ಸಾರವಾಡ ದಾಟಿದ ಮೇಲೆ ಯಾರಾದರೊಬ್ಬರು, "ಏಳ್ರಿ ಅಕ್ಕಾರ, ನಿಮ್ಮೂರ ಬಂತು" ಎಂದು ಎಬ್ಬಿಸುತ್ತಾರೆ. ಎಬ್ಬಿಸಲು ಮರೆತ ದಿನ ಬಬಲೇಶ್ವರದ ತನಕ ಹೋಗಿ, ಮತ್ತೊಂದು ಬಸ್ಸು ಹಿಡಿದು ಹಿಂದೆ ಬಂದದ್ದೂ ಉಂಟು. ಅವಳ ಊರಿನ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಅಲ್ಲಿಯ ನಾಲ್ಕು ಮಂದಿ ನನ್ನ ಪ್ರೆಸ್ಸಿಗೆ ಬಂದು ಜಗಳ ತೆಗೆಯುತ್ತಾರೆ. ಅವರ ಜೊತೆ ವಾದ ಮಾಡುವಷ್ಟು ತಾಳ್ಮೆ ನನಗಿಲ್ಲ.

ಅಕ್ಕ ವಿಜಯಪುರದ ಒಂದು ಖಾಸಗಿ ದವಾಖಾನೆಯಲ್ಲಿ ಆಯಾ. ಹಾಸಿಗೆ ಬದಲಿಸುವುದು, ಮಲಮೂತ್ರಕ್ಕೆ ಪಾಟು ಇಡುವುದು, ಎದ್ದು ಕೂರಲಾಗದವರನ್ನು ಎತ್ತಿ ಕೂರಿಸುವುದು ಅವಳ ಕೆಲಸ. ಗಂಡ ದೇವಾನಂದ ಗಾಂಧಿ ಚೌಕದ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಇದ್ದಾನೆ. ಒಳ್ಳೆಯವನೇ, ಆದರೆ ಮನೆಗೆ ಬೆಂಕಿ ಬಿದ್ದರೂ "ನೋಡೂಣು" ಎನ್ನುವ ಮನುಷ್ಯ. ಅವನ ತಾಯಿ ಸತ್ಯವ್ವನಿಗೆ ದಮ್ಮಿನ ರೋಗ. ಇನ್ನು ಒಬ್ಬಳೇ ಮಗಳು ಪೂನಮ. ಎರಡು ಖೋಲಿಯ ಮನೆ, ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಹಿತ್ತಲಲ್ಲಿ ಒಂದು ಬೇವಿನ ಗಿಡ.

ಕೊರೊನಾದ ಎರಡನೇ ಬೇಸಿಗೆಯಲ್ಲಿ ನಮ್ಮ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಯ ಕೆಲಸ ನಿಂತುಹೋಗಿ, ಬರೀ ಶ್ರದ್ಧಾಂಜಲಿ ಬ್ಯಾನರು ಮಾಡಿ ಮಾಡಿ ನನಗೆ ಸಾಕುಸಾಕಾಗಿತ್ತು. ಒಂದು ದಿನ ಅದನ್ನು ಅಕ್ಕನ ಮುಂದೆ ಹೇಳಿಕೊಂಡೆ. ನಾನು ಫೋಟೋ ನೋಡುತ್ತಿದ್ದೆ, ಅವಳು ಅದೇ ಮನುಷ್ಯರನ್ನು ಮಂಚದ ಮೇಲೆ ನೋಡಿ ಬಂದಿದ್ದಳು. ಮಕ್ಕಳು, ಸೊಸೆಯಂದಿರು ಗೇಟಿನ ಹೊರಗೆ ನಿಂತಿರುತ್ತಿದ್ದರು. ಒಳಗೆ ಅವರ ಅಪ್ಪನ ಬಾಯಿಗೆ ನೀರು ಹಾಕುತ್ತಿದ್ದವಳು ಇವಳು. ಅಂಥ ಕೆಲಸ ಮಾಡಿ ಊರಿಗೆ ಬಂದರೆ, ಅಂಗಡಿಯವನು ಸಕ್ಕರೆಯ ಪಾಕೀಟನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದ. ಬಾವಿಯ ಹತ್ತಿರ ಹೆಣ್ಣುಮಕ್ಕಳು ಕೊಡ ಎತ್ತಿಕೊಂಡು ದಾರಿ ಬಿಡುತ್ತಿದ್ದರು.

ಸತ್ಯವ್ವ ಇದನ್ನೆಲ್ಲ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. "ಇದನ್ನ ನಾ ಮೊದಲ ನೋಡೇನಿ" ಅಂದಳು.

"ಇದು ರೋಗದ ಅಂಜಿಕಿ ಅತ್ತಿ, ಅದಲ್ಲ" ಅಂದಳು ಅಕ್ಕ.

"ಇರಬಹುದವ್ವಾ. ಮಂದಿ ಮುಖಾ ಮಾತ್ರ ಅದೇ ಮಾಡತಾರ."

ಮನೆಗೆ ಬಂದರೆ ಅಕ್ಕ ಮುಂದಿನ ಬಾಗಿಲಿಂದ ಒಳಗೆ ಹೋಗುತ್ತಿರಲಿಲ್ಲ. ಸುತ್ತು ಹಾಕಿ ಹಿತ್ತಲಿಗೆ ಹೋಗಿ, ಸತ್ಯವ್ವ ಕಾಸಿಟ್ಟ ನೀರಿನಲ್ಲಿ ಗೋಣಿತಟ್ಟಿನ ಮರೆಯಲ್ಲಿ ಸ್ನಾನ ಮಾಡಿ, ಉಟ್ಟ ಸೀರೆಯನ್ನು ಬಕೆಟ್ಟಿಗೆ ಹಾಕಿ ಆಮೇಲೆ ಒಳಗೆ. ಪೂನಮ ಮೊದಮೊದಲು ಅವ್ವನ ದನಿ ಕೇಳಿದೊಡನೆ ಓಡಿ ಬರುತ್ತಿತ್ತು. "ದೂರ ನಿಲ್ಲು! ಮುಟ್ಟಬ್ಯಾಡ!" ಎಂದು ಅಕ್ಕ ಒದರುತ್ತಿದ್ದಳು. ದಣಿದು ಬಂದವಳ ಒದರಾಟ, ಮೆತ್ತಗಿರುವುದಾದರೂ ಹೇಗೆ? ಹುಡುಗಿ ಬೇವಿನ ಗಿಡ ಹಿಡಿದುಕೊಂಡು ಅಳುತ್ತ ನಿಲ್ಲುತ್ತಿತ್ತು. ಬರಬರುತ್ತ ಅಳುವುದು ನಿಂತಿತು. ಗಿಡದ ಹತ್ತಿರ ತಾನೇ ನಿಂತು, "ಯವ್ವಾ, ಜಳಕಾ ಆತೇನು?" ಎಂದು ಕೇಳಿ, ಆತು ಅಂದ ಮೇಲೆ ಬರತೊಡಗಿತು. ಶಾಣ್ಯಾ ಹುಡುಗಿ ಎಂದು ನಾವೆಲ್ಲ ಹೊಗಳಿದೆವು.

ದಸರಾ ಮುಗಿಯುವ ಹೊತ್ತಿಗೆ ಸಣ್ಣ ಮಕ್ಕಳ ಶಾಲೆಯನ್ನೂ ತೆರೆಯುತ್ತಾರೆಂದು ಸುದ್ದಿ ಬಂತು. ತಂದೆ ತಾಯಿ ಒಪ್ಪಿ ಸಹಿ ಮಾಡಿದರೆ ಮಾತ್ರ ಕಳಿಸಬಹುದು, ಬಲವಂತವಿಲ್ಲ. ಟಿಕೋಟಾದಿಂದ ಬೈಕಿನ ಮೇಲೆ ಬರುವ ಬಸಗೊಂಡಪ್ಪ ಮಾಸ್ತರರು ಮನೆಮನೆಗೆ ತಿರುಗಿ ಹೇಳಿ ಹೋದರು. ಪೂನಮಳ ಶಾಲೆ ಮುಚ್ಚಿದ್ದು ಎರಡನೆಯ ಇಯತ್ತೆಯಲ್ಲಿದ್ದಾಗ. ಈಗ ಹೆಸರಿಗೆ ನಾಲ್ಕನೆಯದು. ಪಾಠ ಬರುತ್ತಿದ್ದ ಫೋನು ಅಪ್ಪನ ಕಿಸೆಯಲ್ಲಿ ವಿಜಯಪುರಕ್ಕೆ ಹೋಗುತ್ತಿತ್ತು. ನಡುವೆ ಗುಡಿಯ ಕಟ್ಟೆಯ ಮೇಲೆ ಸ್ವಲ್ಪ ದಿನ ಪಾಠ ನಡೆದಿತ್ತು. ಇವಳು ಹೋಗಲಿಲ್ಲ. ಬರಬೇಡ ಎಂದು ಯಾರೂ ಅನ್ನಲಿಲ್ಲ, ಬಾ ಎಂದೂ ಯಾರೂ ಅನ್ನಲಿಲ್ಲ. ಸುದ್ದಿ ಕೇಳಿ ಊರಿಗೆ ಹೋದ ದಿನ ಹಳೆಯ ಲಗ್ನಪತ್ರಿಕೆಯೊಂದನ್ನು ಅವಳಿಗೆ ಕೊಟ್ಟು ಓದು ಅಂದೆ. ಅಕ್ಷರ ಅಕ್ಷರ ಹಿಡಿದು ವರನ ಹೆಸರಿನ ಅರ್ಧಕ್ಕೆ ಬಂದು ನಿಂತಿತು, ಮುಂದೆ ನನ್ನ ಮುಖ ನೋಡಿ ಅಂದಾಜಿನ ಮೇಲೆ ಹೇಳಿತು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಆ ಸಂಜೆ ಮನೆಯಲ್ಲಿ ಇದೇ ಮಾತು ನಡೆಯಿತು.

"ಈ ವರ್ಷ ಬ್ಯಾಡ" ಅಂದಳು ಅಕ್ಕ. "ಅತ್ತಿ, ನಿಮಗ ದಮ್ಮ ಐತಿ. ಹುಡುಗಿ ಸಾಲಿಯಿಂದ ಏನರ ಹಚಗೊಂಡ ಬಂತಂದ್ರ ಮೊದಲ ನಿಮಗ. ಉಸರ ಸಿಗಲಾರದ ಮಂದಿ ನನ್ನ ಕೈ ಹಿಡಕೊಂಡಾರ. ನಿಮ್ಮನ್ನ ಹಂಗ ನೋಡಾಕ ನನ್ನಿಂದ ಆಗಂಗಿಲ್ಲ."

"ನನ್ನ ನೆಪಾ ಹೇಳಿ ಸಾಲಿ ಬಿಡಸಬ್ಯಾಡಬೇ" ಅಂದಳು ಸತ್ಯವ್ವ. ಅವಳಿಗೆ ಒಂದು ಮಾತಿಗೆ ಎರಡು ಸಲ ಉಸಿರು ಎಳೆದುಕೊಳ್ಳಬೇಕು. "ನಾ ತವರಮನ್ಯಾಗ ಇದ್ದಾಗ ಎರಡ ವರ್ಷ ಸಾಲಿಗೆ ಹೋಗೇನಿ. ಬಾಗಲ ಹೊರಗ, ಚಪ್ಪಲಿ ಬಿಡೂ ಜಾಗಾದಾಗ ಕುಂಡ್ರಸತಿದ್ರು. ಬೋರ್ಡ ಅರ್ಧಾ ಕಾಣತಿತ್ತು, ಅರ್ಧಾ ಕದಾ ಅಡ್ಡ ಬರತಿತ್ತು. ಅರ್ಧಾ ಕಲ್ತೆ, ಬಿಟ್ಟೆ. ಈಕಿ ಒಳಗ ಕುಂಡ್ರಾಕಿ ಅದಾಳ. ಒಳಗ ಕುಂಡ್ರೂ ಹುಡುಗೀನ ನೀ ಮನ್ಯಾಗ ಕುಂಡ್ರಸಾಕತ್ತಿ. ಏನಾಗೇತಿ ನಿನಗ?"

ಆಗ ಅಕ್ಕನ ಬಾಯಿಂದ ಬಂದದ್ದು ಅವಳ ನಿಜವಾದ ಮಾತು.

"ಕಳಸಬೇಕಂದ್ರ ನಾ ಆಕಿಗೆ ಹೇಳಿ ಕಳಸಬೇಕಲ್ಲ ಅತ್ತಿ. ಯಾರನ್ನೂ ಮುಟ್ಟಬ್ಯಾಡ, ಯಾರ ನೀರೂ ಕುಡೀಬ್ಯಾಡ, ಬುತ್ತಿ ಕೊಡಬ್ಯಾಡ, ಇಸಗೋಬ್ಯಾಡ, ದೂರ ಕುಂಡ್ರು. ನಿಮಗ ಮಂದಿ ಹೇಳಿದ ಮಾತನ್ನ ನಾ ಹಡದಾಕಿ, ನನ್ನ ಬಾಯಿಲೆ ನನ್ನ ಮಗಳಿಗೆ ಹೇಳ್ಲೇನು?"

"ನೋಡೂಣು" ಅಂದ ದೇವಾನಂದ. "ಏನ ನೋಡತೀಯೋ ಮಾವಾ, ಹುಡುಗಿ ಓದೂದ ಮರ್ತಾಳ" ಎಂದು ನಾನು ಅವನ ಮೇಲೆ ಹರಿಹಾಯ್ದೆ. ಅವನು ಎದ್ದು ಹೊರಗೆ ಹೋದ.

"ಗೌಡರ ಮಕ್ಕಳಿಗೂ ಹಂಗ ಹೇಳತಾರಿಲ್ಲೋ?" ಎಂದು ಕೇಳಿದಳು ಸತ್ಯವ್ವ.

"ಎಲ್ಲಾರಿಗೂ ಹೇಳತಾರ."

"ಎಲ್ಲಾರಿಗೂ ಹೇಳಿದ್ರ ಅದು ಬ್ಯಾರೆ ಮಾತು. ಕಳಸು."

ಅಕ್ಕ ಸಹಿ ಮಾಡಿದಳು. ಶಾಲೆಯ ಮೊದಲ ದಿನ ಮಗಳಿಗೆ ಎರಡು ಹೆಳಲು ಹಾಕಿ, ಮಾಸ್ಕು ಕಟ್ಟಿ, ಬಾಟಲಿಗೆ ನೀರು ತುಂಬಿ ಕೊಟ್ಟಳಂತೆ. ಆ ಮಾತುಗಳನ್ನು ಮಾತ್ರ ಹೇಳಲಿಲ್ಲ. ಮಾಸ್ತರರು ಹೇಳಿಕೊಳ್ಳಲಿ ಎಂದು ಬಿಟ್ಟಳು.

ಆ ವಾರದ ಶನಿವಾರ ನನಗೆ ಪ್ರೆಸ್ಸಿನಲ್ಲಿ ಕೆಲಸವಿರಲಿಲ್ಲ. ರಾತ್ರಿ ಪಾಳಿ ಮುಗಿಸಿದ ಅಕ್ಕನ ಜೊತೆ ಬೆಳಗಿನ ಬಸ್ಸಿಗೆ ಊರಿಗೆ ಹೊರಟೆ. ಅವಳು ಯಥಾಪ್ರಕಾರ ಮಲಗಿದಳು. ಬಸ್ಸು ಇಳಿದರೆ ಎದುರಿಗೆ ಸತ್ಯವ್ವ. ಮನೆಯಿಂದ ಅಂಗಡಿಯ ತನಕ ನಡೆಯಲಾರದ ಮುದುಕಿ ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕೂತು ತೇಕುತ್ತಿದ್ದಳು. ಮೊಮ್ಮಗಳು ಒಳಗೆ ಕೂತು ಕಲಿಯುವುದನ್ನು ಒಂದು ಸಲ ಕಣ್ಣಾರೆ ನೋಡಬೇಕೆಂದು ಕೋಲು ಊರಿಕೊಂಡು ಶಾಲೆಯ ಕಡೆ ಹೋಗಿದ್ದಳಂತೆ.

"ನಿನ್ನ ಮಗಳನ್ನ ಬಾಗಲದಾಗ ಕುಂಡ್ರಸ್ಯಾರ" ಅಂದಳು. "ಎಲ್ಲಾ ಹುಡುಗ್ರೂ ಒಳಗ. ಈಕಿ ಒಬ್ಬಾಕೀನ ಹೊಸ್ತಲದ ಹತ್ರ. ನನ್ನ ಮಾತ ಕೇಳಿ ಕಳಸಿದ್ದಿ. ಹೋಗು, ಕರಕೊಂಡ ಬಾ ಮನಿಗೆ."

ಅಕ್ಕನ ಮುಖದ ಮೇಲೆ ಉಳಿದಿದ್ದ ನಿದ್ದೆಯೆಲ್ಲ ಹಾರಿಹೋಯಿತು. ಮನೆಗೆ ಹೋಗಲಿಲ್ಲ, ಹಿತ್ತಲಿಲ್ಲ, ಸ್ನಾನವಿಲ್ಲ. ದವಾಖಾನೆಯ ಸೀರೆಯಲ್ಲೇ ಶಾಲೆಯ ಕಡೆ ನಡೆದಳು. ಮಾಸ್ತರನಿಗೆ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತ ಅವಳ ಹಿಂದೆ ಓಡಿದೆ.

ಸತ್ಯವ್ವ ಹೇಳಿದ್ದು ಸುಳ್ಳಲ್ಲ. ನೆಲದ ಮೇಲೆ ಸುಣ್ಣದಲ್ಲಿ ಗುಂಡಗೆ ಗೆರೆ ಹಾಕಿ, ಒಂದೊಂದರಲ್ಲಿ ಒಂದೊಂದು ಮಗುವನ್ನು ಕೂರಿಸಿದ್ದರು. ಪೂನಮ ಗೆರೆಗಳೆಲ್ಲ ಮುಗಿದ ಮೇಲೆ, ಚಪ್ಪಲಿಗಳ ಪಕ್ಕದಲ್ಲಿ, ತಟ್ಟು ಹಾಸಿಕೊಂಡು ಕೂತಿತ್ತು.

"ಏನ್ರಿ ಮಾಸ್ತರ, ಒಳಗ ಜಾಗಾ ಇಲ್ಲೇನ್ರಿ ನನ್ನ ಮಗಳಿಗೆ?" ಅಕ್ಕನ ದನಿಗೆ ಮಕ್ಕಳೆಲ್ಲ ತಿರುಗಿದವು. "ಅತ್ತೀನ್ನ ಕುಂಡ್ರಸಿದಂಥಾ ಜಾಗಾದಾಗೇ ಮೊಮ್ಮಗಳನ್ನ ಕುಂಡ್ರಸೀರಿ? ರೋಗದ ಹೆಸರ ಹೇಳಿ ಮತ್ತ ಇದನ್ನ ಚಾಲೂ ಮಾಡೀರಿ? ಏಳಬೇ ಪೂನಮ, ಚೀಲಾ ತಗೋ. ಸಾಕು ಈ ಸಾಲಿ."

ಬೋರ್ಡಿನ ಮೇಲೆ ಬರೆಯುತ್ತಿದ್ದ ಖಡು ಬಸಗೊಂಡಪ್ಪ ಮಾಸ್ತರರ ಕೈಯಲ್ಲಿ ಹಾಗೇ ನಿಂತಿತು. ಏನೋ ಹೇಳಲು ಮಾಸ್ಕು ಕೆಳಗಿಳಿಸಿದರು, ಮತ್ತೆ ಏರಿಸಿಕೊಂಡರು. ಆಮೇಲೆ ಕೋಣೆಯ ನಟ್ಟನಡುವೆ ಖಾಲಿ ಇದ್ದ ಒಂದು ಗೆರೆಯನ್ನು ತೋರಿಸಿದರು.

"ಅದು ಆಕೀ ಜಾಗಾರಿ ಯವ್ವಾ. ಮೊದಲನೇ ದಿನದಿಂದ ಕರ್ಯಾಕತ್ತೇನಿ. ಬರವಲ್ಲಳು. ಹೇಳಬೇಕಂತ ನಿಮ್ಮ ಮನಿಗೆ ಬಂದಿದ್ದೆ, ನೀವು ಡ್ಯೂಟಿಗೆ ಹೋಗಿದ್ರಿ. ಹಿರ್ಯಾರ ಮುಂದ ಇದನ್ನ ಹೆಂಗ ಹೇಳಬೇಕು ತಿಳೀಲಿಲ್ಲ. ಯಾಕ ಬರವಲ್ಲಿ ಅಂತ ಆಕೀನ್ನ ಕೇಳ್ರಿ."

ಅಕ್ಕ ಮಗಳ ಕಡೆ ನೋಡಿದಳು. ಪೂನಮ ಎದ್ದು ನಿಂತು, ಚೀಲವನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಿತ್ತು.

"ನೀ ದವಾಖಾನ್ಯಾಗ ಇರತಿ ಅಲ್ಲಾ ಯವ್ವಾ? ನಾ ನಿನ್ನ ಮಗಳು. ನಾ ದೂರನ ಕುಂಡ್ರಬೇಕು, ಯಾರನ್ನೂ ಮುಟ್ಟಬಾರದು. ನೀನ ಹೇಳಿದ್ದಿಲ್ಲೋ?"

ದಾರಿಯುದ್ದಕ್ಕೂ ನಾನು ಜೋಡಿಸಿದ್ದ ಬೈಗುಳಗಳೆಲ್ಲ ನನ್ನ ಕಡೆಗೇ ತಿರುಗಿದವು. ಶಾಣ್ಯಾ ಹುಡುಗಿ ಎಂದು ಹೊಗಳಿದವರಲ್ಲಿ ನಾನೂ ಒಬ್ಬ. ಶಾಲೆಯಲ್ಲಿ ಯಾರೂ ಕೂರಿಸದಿದ್ದರೂ ಅಜ್ಜಿಯ ಜಾಗವನ್ನು ಹುಡುಗಿ ತಾನೇ ಹುಡುಕಿಕೊಂಡು ಹೋಗಿ ಕೂತಿತ್ತು. ಅಲ್ಲಿಗೆ ಕಳಿಸಿದ್ದು ನಮ್ಮ ಮನೆಯ ಹಿತ್ತಲು. ನನಗೆ ಅಳು ಬಂತು, ಮಾಸ್ಕು ಇದ್ದದ್ದು ಒಳ್ಳೆಯದಾಯಿತು.

ಅಕ್ಕ ಅಳಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಯಾರನ್ನೂ ಕೇಳದೆ ಒಳಗೆ ಹೋದಳು. ಮಂಡಿ ಹಿಡಿದುಕೊಂಡು ಆ ಖಾಲಿ ಗೆರೆಯೊಳಗೆ ಕುಳಿತಳು.

"ಬಾ" ಅಂದಳು.

ಪೂನಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಇತ್ತು. "ಯವ್ವಾ, ಜಳಕಾ ಆತೇನು?"

ಹಿಂದಿನ ಸಾಲಿನ ಯಾವುದೋ ಮಗು ನಕ್ಕಿತು. ಮಾಸ್ತರರು ಬೋರ್ಡಿನ ಕಡೆ ತಿರುಗಿಕೊಂಡರು. ಆತು ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅಕ್ಕ ಹಾಗೆ ಅನ್ನಲಿಲ್ಲ.

"ಇಲ್ಲವ್ವಾ, ಆಗಿಲ್ಲ. ಹಂಗೇ ಬಾ."

ಹುಡುಗಿ ಮಾಸ್ತರರನ್ನು ನೋಡಿತು, ನನ್ನನ್ನು ನೋಡಿತು. ಆಮೇಲೆ ಒಂದೂ ಗೆರೆ ತುಳಿಯದಂತೆ ಮಕ್ಕಳ ನಡುವೆ ನಡೆದು, ಅವ್ವನಿಂದ ಒಂದು ಮೊಳ ದೂರದಲ್ಲಿ ನಿಂತುಬಿಟ್ಟಿತು. ಅಕ್ಕ ಕೈ ಚಾಚಿ ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಪೂನಮಳ ಕೈಗಳು ಸ್ವಲ್ಪ ಹೊತ್ತು ಏನು ಮಾಡಬೇಕೆಂದು ತಿಳಿಯದೆ ಗಾಳಿಯಲ್ಲೇ ಇದ್ದವು. ಆಮೇಲೆ ಅವ್ವನ ಕೊರಳು ಹಿಡಿದವು.

ಮಾಸ್ತರರು ಪಾಠ ಮುಂದುವರಿಸಿದರು. ಸ್ವಲ್ಪ ಹೊತ್ತಿಗೆ ಅವರು ದನಿ ತಗ್ಗಿಸಿದ್ದು ಯಾಕೆಂದು ನೋಡಿದರೆ, ಅಕ್ಕ ಮಗಳ ಹೆಗಲ ಮೇಲೆ ಗದ್ದ ಇಟ್ಟು ಕೂತಲ್ಲೇ ನಿದ್ದೆ ಹೋಗಿದ್ದಳು. ಪೂನಮ ಅಲುಗಾಡದೆ ಬೋರ್ಡು ನೋಡುತ್ತಿತ್ತು.

ಆಗ ಸತ್ಯವ್ವ ಕೋಲು ಊರಿಕೊಂಡು ಬಂದು ಮುಟ್ಟಿದಳು. ಒಳಗೆ ಇಣುಕಿ ನೋಡಿದಳು.

"ಕರಕೊಂಡ ಹೋಗೂದಿಲ್ಲೇನು?"

"ಇಲ್ರಿ ಅತ್ತಿ. ಅದು ಪೂನಮನ ಜಾಗಾ, ಅಲ್ಲೇ ಕುಂಡ್ರತಾಳ. ಅಕ್ಕ ಮಲಗ್ಯಾಳ. ಎಬ್ಬಸ್ಲೇನು?" ಅಂದೆ.

"ಎಬ್ಬಸಬ್ಯಾಡ" ಅಂದಳು ಸತ್ಯವ್ವ. ಉಸಿರು ಹದಕ್ಕೆ ಬರುವ ತನಕ ಚೌಕಟ್ಟು ಹಿಡಿದು ನಿಂತಳು. ಆಮೇಲೆ ಅರ್ಧ ಮುಚ್ಚಿದ್ದ ಕದವನ್ನು ಗೋಡೆಯ ತನಕ ನೂಕಿ, ಚಪ್ಪಲಿಗಳನ್ನು ಬದಿಗೆ ಸರಿಸಿ, ಬೋರ್ಡಿಗೆ ಮುಖ ಮಾಡಿ ಅಲ್ಲೇ ಕುಳಿತಳು.