ಪಚ್ಚಕರ್ಪೂರದ ಲಾಡು

ಅಮ್ಮನ ಹದಿಮೂರನೆಯ ದಿನದ ಊಟಕ್ಕೆ ಅಡುಗೆಯವರು ಲಾಡು ಕಟ್ಟುವಾಗ ಪಚ್ಚಕರ್ಪೂರ ಹಾಕಿಬಿಟ್ಟಿದ್ದರು. ಮದರಾಸಿನ ಅಡುಗೆಯವರಿಗೆ ಅದಿಲ್ಲದೆ ಲಾಡು ಕಟ್ಟಲು ಕೈಯೇ ಬರುವುದಿಲ್ಲ. ಬುಟ್ಟಿಯ ಮೇಲಿನ ಬಟ್ಟೆ ಸರಿಸಿದ್ದೇ ತಡ, ತಣ್ಣಗೆ ಮೂಗಿನೊಳಗೆ ಏರುವ ಆ ವಾಸನೆ... ನಾನು ಕಂಬ ಹಿಡಿದು ನಿಂತುಬಿಟ್ಟೆ. ನೋಡಿದವರು, ಪಾಪ, ತಾಯಿಯ ನೆನಪಾಯಿತು ಎಂದುಕೊಂಡರು. ನನಗೆ ನೆನಪಾದದ್ದು ಮೇಲಿನಮ್ಮ.

ಮೇಲಿನಮ್ಮ ಎಂದರೆ ನಮ್ಮ ಮಾಂಬಲದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಬಿಳಿಯ ಹೆಂಗಸು. ಐವತ್ತರ ದಶಕದ ಕೊನೆಯ ಮಾತು. ನಾವು ಕುಂದಾಪುರದ ಕಡೆಯವರು. ಅಪ್ಪನಿಗೆ ಪ್ಯಾರೀಸ್ ಕಾರ್ನರ್ ಹತ್ತಿರ ಹೋಟೆಲು. ಅವಳ ಗಂಡ ಕ್ರೋಂಪೇಟೆಯ ಚರ್ಮ ಹದ ಮಾಡುವ ಕಾರ್ಖಾನೆಯೊಂದರಲ್ಲಿ ಬಣ್ಣದ ಕೆಲಸ ಕಲಿಸಲು ಬಂದಿದ್ದ. ಬೆಳಗ್ಗೆ ಅಪ್ಪ ಬೀಚ್ ಕಡೆಯ ರೈಲು ಹತ್ತಿದರೆ ಅವನು ತಾಂಬರಂ ಕಡೆಯದು ಹತ್ತುತ್ತಿದ್ದ. ಮನೆ ಕೇಳಲು ಬಂದಾಗ ಅವನು ಹೇಳಿದ್ದು 'ಕೆಮಿಕಲ್' ಕೆಲಸ ಎಂದು. ಅಪ್ಪ ಮುಂದೆ ಕೇಳಲಿಲ್ಲ. ಸಂಜೆ ಅವನು ಮೆಟ್ಟಿಲು ಹತ್ತುವಾಗ ಬರುತ್ತಿದ್ದ ನಾತ ಎಂಥದ್ದೆಂದು ಇಡೀ ಮನೆಗೆ ಗೊತ್ತಿತ್ತು, ಆದರೆ ಕೆಮಿಕಲ್ ಎಂಬ ಮಾತು ಇರುವಾಗ ಬೇರೆ ಮಾತೇಕೆ. ಅವರು ಆಸ್ಟ್ರಿಯಾದವರು. ಅಪ್ಪ ಕೊನೆಯವರೆಗೂ ಆಸ್ಟ್ರೇಲಿಯಾ ಎಂದೇ ಹೇಳಿಕೊಂಡು ತಿರುಗಿದರು.

ಬಂದ ಹೊಸತರಲ್ಲಿ ಇಬ್ಬರೂ ಬೇಯಿಸಿದ ಗೆಣಸಿನ ಹಾಗೆ ಕೆಂಪಗಾಗಿ ಓಡಾಡುತ್ತಿದ್ದರು. ಕಿಟಕಿಗಳಿಗೆಲ್ಲ ಒದ್ದೆ ದುಪ್ಪಟಿ ಕಟ್ಟಿಕೊಂಡು ಅದರ ಹಿಂದೆ ಕೂತಿರುತ್ತಿದ್ದರು. ಹಲಸಿನ ಹಣ್ಣು ತಂದು, ಕೈಗೆ ಎಣ್ಣೆ ಹಚ್ಚದೆ ಕೊಯ್ದು, ಬಾಗಿಲ ಚಿಲಕಕ್ಕೂ ಮೇಣ ಮೆತ್ತಿಕೊಂಡಿದ್ದರು. ಅದನ್ನು ಬಿಡಿಸಲು ಅಮ್ಮ ಎಣ್ಣೆ ಬಟ್ಟಲು ಹಿಡಿದು ಮೇಲೆ ಹೋದದ್ದೇ ಮೊದಲ ಪರಿಚಯ. ಆಮೇಲೆ ಮೇಲಿನಮ್ಮ ದಿನವೂ ನಡುಮೆಟ್ಟಿಲವರೆಗೆ ಇಳಿದು ಬಂದು ಕೂರುವಳು. ಅದಕ್ಕಿಂತ ಕೆಳಗೆ ಬರಬಾರದೆಂದು ಯಾರೂ ಹೇಳಿರಲಿಲ್ಲ, ಅವಳೇ ತಿಳಿದುಕೊಂಡಿದ್ದಳು. ಅಮ್ಮ ಕೆಳಗೆ ಅಕ್ಕಿ ಆರಿಸುತ್ತ ಒಂದೊಂದೇ ಮಾತು ಕಲಿಸುತ್ತಿದ್ದರು. ನೀರು, ಅನ್ನ, ಪಾಪು, ಸಿಹಿ. ಪಾಪು ಎಂದರೆ ನನ್ನ ತಂಗಿ. ಇನ್ನೂ ವರ್ಷ ತುಂಬಿರದ ಆ ಕೂಸು ಮೆಟ್ಟಿಲ ಮೇಲೆ ತೆವಳಿಕೊಂಡು ಹೋಗಿ ಅವಳ ಮಡಿಲಲ್ಲಿ ಕೂರುತ್ತಿತ್ತು. ಅವಳಿಗೆ ಮಕ್ಕಳಿರಲಿಲ್ಲ. ಆ ಊರಿನಲ್ಲಿ ಅವಳಿಗೆ ಬೇರೆ ಮನೆಯೂ ಇರಲಿಲ್ಲ.

ಗಂಡ ಹೆಂಡತಿ ಭಾನುವಾರ ಬಂತೆಂದರೆ ದೇಶ ನೋಡಲು ಹೊರಡುವರು. ಮಹಾಬಲಿಪುರ, ಕೊತ್ತವಾಲ್ ಚಾವಡಿಯ ತರಕಾರಿ ಸಂತೆ, ಮರೀನಾದಲ್ಲಿ ಬಲೆ ಎಳೆಯುವವರು, ಯಾವುದೂ ಬಿಡಲಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಲು ಅವರಿಗೆ ಸಿಕ್ಕವರು ನನ್ನ ಚಿಕ್ಕಪ್ಪ. ಅಪ್ಪನ ತಮ್ಮ, ಕಾಲೇಜಿನಲ್ಲಿ ಇಂಗ್ಲಿಷು ಕಲಿತವರು, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು ತಮ್ಮ ಘನತೆಗೆ ಕಡಿಮೆ ಎಂದು ಮನೆಯಲ್ಲೇ ಉಳಿದವರು. ಮೂಗಿನಲ್ಲಿ ನಗುತ್ತಿದ್ದರು. ಅರ್ಧ ನಿಜ ಹೇಳಿ ಇನ್ನರ್ಧ ಹುಟ್ಟಿಸಿ ಹೇಳುವುದು ಅವರ ವಿದ್ಯೆ. ಯಾರದೇ ಮನೆಯಿಂದ ಹೊರಡುವಾಗ ಬೆನ್ನು ತೋರಿಸಬಾರದು, ಹಿಂದೆ ಹಿಂದೆ ನಡೆದು ಗೇಟು ದಾಟಬೇಕು, ಇಲ್ಲದಿದ್ದರೆ ಮನೆಯ ಲಕ್ಷ್ಮಿಗೆ ಅವಮಾನ ಎಂದು ಹೇಳಿಕೊಟ್ಟರು. ಆ ಇಬ್ಬರೂ ಕೈಮುಗಿದುಕೊಂಡು ಹಿಂದೆ ಹಿಂದೆ ನಡೆಯುತ್ತ ಎದುರು ಮನೆಯಿಂದ ಬರುವಾಗ ಗಂಡ ಚರಂಡಿಗೆ ಬಿದ್ದ. ಬಿದ್ದಲ್ಲಿಂದಲೂ ಕೈಮುಗಿದ. ನಮ್ಮ ಮನೆಯಲ್ಲಿ ಆ ರಾತ್ರಿ ಊಟ ಸೇರದಷ್ಟು ನಗು. ಅಮ್ಮನೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕವರೇ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಈ ಇಲಿಗಳಿಗೆ ತಮ್ಮ ಸಂಕಟವೂ ಗೊತ್ತಿರಲಿಲ್ಲ, ಅಷ್ಟೇ.

ಅವರು ಬಂದ ವರ್ಷವೇ ಅಜ್ಜ ತೀರಿಕೊಂಡರು. ಆಗ ಅವರಿಬ್ಬರೂ ಮಧುರೆ, ಕನ್ಯಾಕುಮಾರಿ ಎಂದು ಪ್ರವಾಸ ಹೋಗಿದ್ದರು. ಅಜ್ಜನ ಹೆಣ, ಅಳು, ಹತ್ತು ದಿನದ ಸೂತಕ, ಯಾವುದನ್ನೂ ನೋಡಲಿಲ್ಲ. ಹಿಂತಿರುಗಿ ಗೇಟು ತೆರೆದಾಗ ಕಂಡದ್ದು ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ. ಅಂಗಳದ ತುಂಬ ಎಲೆ, ಎಲೆಯ ಮೇಲೆ ಲಾಡು, 'ಇನ್ನೊಂದ್ ಹಾಕ್ಕಣಿ' ಎಂಬ ಉಪಚಾರ, ಹೊಟ್ಟೆ ಸವರುತ್ತ ನಗುವ ನೆಂಟರು. ಯಾವ ಮದುವೆ ಎಂದು ಮೇಲಿನಮ್ಮ ಕೇಳಿದಳಂತೆ. ಚಿಕ್ಕಪ್ಪ ವಿವರಿಸಿದರು: ನಮ್ಮಲ್ಲಿ ಸಾವಿಗೆ ಅಳುವುದಿಲ್ಲ. ಸತ್ತವರು ವೈಕುಂಠಕ್ಕೆ ಹೋದರೆಂದು ಸಿಹಿ ಹಂಚುತ್ತೇವೆ, ಬಂದವರೂ ಸಿಹಿ ತರುತ್ತಾರೆ.

ತುಂಬು ಬಾಳು ಬಾಳಿದ ಮುದುಕನ ಹದಿಮೂರನೆಯ ದಿನದ ಮಟ್ಟಿಗೆ ಇದರಲ್ಲಿ ತೀರಾ ಸುಳ್ಳೇನೂ ಇರಲಿಲ್ಲ. ಅದೇ ಅದರ ವಿಷ. ಗಂಡ ಹೆಂಡತಿ ಆ ಮಾತಿಗೆ ಮರುಳಾಗಿ ಹೋದರು. ತಮ್ಮ ಕಡೆ ಕರಿ ಬಟ್ಟೆ, ಜೋಲು ಮುಖ. ನೀವೆಷ್ಟು ತಿಳಿದ ಜನ ಎಂದು ಅವಳು ಮೆಟ್ಟಿಲ ಮೇಲೆ ಕೂತು ವಾರಗಟ್ಟಲೆ ಹೇಳಿದಳು. ಈ ದೇಶದಲ್ಲಿ ಅವರು ಕಂಡುಕೊಂಡ ದೊಡ್ಡ ವಿಷಯ ಅದೇ ಆಗಿತ್ತು. ಅಮ್ಮನಿಗೆ ಅದರಲ್ಲಿ ಕಾಲು ಭಾಗ ಅರ್ಥವಾಗುತ್ತಿತ್ತು, ಹ್ಞೂಂ ಎನ್ನುತ್ತಿದ್ದರು.

ಮರುವರ್ಷ ಚಳಿಗಾಲದಲ್ಲಿ ತಂಗಿಗೆ ಗಂಟಲಮಾರಿ ಬಂತು. ಮೇಲಿನಮ್ಮ ಅಂದು ಮೊದಲ ಬಾರಿಗೆ ನಡುಮೆಟ್ಟಿಲು ದಾಟಿ ನಮ್ಮ ಹಜಾರದೊಳಗೆ ಬಂದಳು, ಯಾರೂ ತಡೆಯಲಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕುವುದು, ಎತ್ತಿಕೊಂಡು ಓಡಾಡುವುದು, ಎಲ್ಲ ಅವಳೇ. ಆಸ್ಪತ್ರೆಗೂ ಜೊತೆಗೆ ಹೋದಳು. ಕೂಸು ಬೆಳಗಿನ ಜಾವ ಹೋಯಿತು. ಮನೆಗೆ ತಂದು ಮಲಗಿಸಿದಾಗ ಅಮ್ಮ ಅಳಲಿಲ್ಲ. ಅದರ ಪಾದಗಳನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತ ಕೂತಿದ್ದರು... ಅಪ್ಪ ಬಂದು ಬೆರಳು ಬಿಡಿಸಬೇಕಾಯಿತು. ಅಷ್ಟು ಚಿಕ್ಕದಕ್ಕೆ ನಮ್ಮಲ್ಲಿ ಬೆಂಕಿಯಿಲ್ಲ, ಮಣ್ಣು. ಹದಿಮೂರನೆಯ ದಿನವಿಲ್ಲ, ಊಟವಿಲ್ಲ. ಸಿಹಿಯ ಮಾತಂತೂ ಇಲ್ಲವೇ ಇಲ್ಲ.

ನಾನು ಮೆಟ್ಟಿಲ ಬುಡದಲ್ಲಿ ಕೂತಿದ್ದೆ. ಮೇಲಿನಮ್ಮ ಅತ್ತು ಊದಿದ ಮುಖದಲ್ಲಿ ಚಿಕ್ಕಪ್ಪನನ್ನು ತಡೆದು ನಿಲ್ಲಿಸಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ನಿಮ್ಮ ಪದ್ಧತಿ ತಪ್ಪಬಾರದು, ನಾವು ಏನು ಮಾಡಬೇಕು ಎಂದು. ಕಾನ್ವೆಂಟಿಗೆ ಹೋಗುತ್ತಿದ್ದ ನನಗೆ ಅಷ್ಟು ತಿಳಿಯುತ್ತಿತ್ತು. ಚಿಕ್ಕಪ್ಪ ಅವಳ ಮುಖವನ್ನು ಒಂದು ಗಳಿಗೆ ನೋಡಿದರು. ಮೂಗಿನ ಹೊಳ್ಳೆ ಸ್ವಲ್ಪ ಅರಳಿತು.

'ಯು ಹ್ಯಾವ್ ಸೀನ್ ಇಟ್' ಎಂದರು. 'ಸ್ವೀಟ್ಸ್.'

ತಮ್ಮ ಅಣ್ಣನ ಮಗು ಒಳಗೆ ಸತ್ತು ಮಲಗಿರುವಾಗ ಒಬ್ಬ ಮನುಷ್ಯನಿಗೆ ಹಾಗೆ ಹೇಳಬೇಕು ಅಂತ ಏಕೆ ಅನ್ನಿಸಿತು ಎಂದು ನಾನು ಇಡೀ ಬದುಕು ಯೋಚಿಸಿದ್ದೇನೆ. ಕೈಗೆ ಸಿಕ್ಕ ಆಟ ಬಿಡಲಾಗಲಿಲ್ಲ, ಅಷ್ಟೇ ಇರಬೇಕು.

ಅಪ್ಪ ಮಣ್ಣು ಮಾಡಿ ಬಂದು ಒದ್ದೆ ಬಟ್ಟೆಯಲ್ಲಿ ನಿಂತಿದ್ದರು. ಒಲೆ ಹಚ್ಚಿರಲಿಲ್ಲ. ಹಜಾರದಲ್ಲಿ ಅಮ್ಮನ ಸುತ್ತ ಹೆಂಗಸರು. ಆಗ ಗೇಟು ಸದ್ದಾಯಿತು. ಮೇಲಿನಮ್ಮ ಅಮ್ಮನೇ ಆರಿಸಿಕೊಟ್ಟಿದ್ದ ಕೆಂಪಂಚಿನ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಎರಡೂ ಕೈಯಲ್ಲಿ ಮಿಠಾಯಿ ಅಂಗಡಿಯ ಪೆಟ್ಟಿಗೆ ಹಿಡಿದು ಬಂದಳು. ಹಿಂದೆ ಗಂಡ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಹ್ಯಾಟನ್ನು ಎದೆಗೆ ಒತ್ತಿಕೊಂಡು. ಪೆಟ್ಟಿಗೆಯ ದಾರ ಬಿಚ್ಚಿದಳು. ಪಚ್ಚಕರ್ಪೂರದ ವಾಸನೆ ಆ ಹಜಾರಕ್ಕೆಲ್ಲ ಹರಡಿತು. ಅಮ್ಮನ ಮುಂದೆ ಮಂಡಿಯೂರಿ ಕೂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳೇನೋ, ಅಷ್ಟು ಜತನದಿಂದ ಹೇಳಿದಳು:

'ಅಮ್ಮಾ. ಪಾಪು ದೇವರ ಮನೆ. ಸಿಹಿ.'

ಅಮ್ಮ ಪೆಟ್ಟಿಗೆಯನ್ನು ನೋಡಿದರು, ಸೀರೆಯನ್ನು ನೋಡಿದರು. ಆಮೇಲೆ ಕಂಬಕ್ಕೆ ಒರಗಿದ್ದ ಚಿಕ್ಕಪ್ಪನ ಕಡೆ ಒಮ್ಮೆ. ಒಂದು ಲಾಡು ಎತ್ತಿಕೊಂಡು ಅವಳ ತುಟಿಗೆ ಹಿಡಿದರು.

'ತಿನ್ನ್.'

ಅವಳು ತಿಂದಳು. ಕಣ್ಣೀರು ಹರಿಯುತ್ತಲೇ ಇತ್ತು, ಆದರೆ ಪದ್ಧತಿ ಹೀಗೇ ಎಂದು ತಿಳಿದು, ತಲೆಯಾಡಿಸುತ್ತ ತಿಂದಳು. ಅಮ್ಮ ಇನ್ನೊಂದು ಹಿಡಿದರು. 'ತಿನ್ನ್. ನೀನೇ ತಂದದ್ದಲ್ದಾ.' ಅದನ್ನೂ ತಿಂದಳು. ಮತ್ತೊಂದು. ಈಗ ಅಮ್ಮನ ಎಡಗೈ ಅವಳ ತಲೆಯ ಹಿಂದಿತ್ತು, ಕೂಸಿಗೆ ಅನ್ನ ಉಣಿಸುವಾಗ ಇರುತ್ತಿದ್ದ ಹಾಗೆಯೇ. ಕೆನ್ನೆ ಉಬ್ಬಿ, ಬೂಂದಿಕಾಳು ರೇಷ್ಮೆಯ ಮೇಲೆಲ್ಲ ಉದುರಿತು. ನುಂಗಲಾರದೆ ಕಣ್ಣು ಹೊರಳಿಸಿ ಗಂಡನನ್ನು ಹುಡುಕಿದಳು. ಅವನು ಇನ್ನೂ ಅರ್ಧ ಮುಗುಳ್ನಗೆ ಇಟ್ಟುಕೊಂಡು ನಿಂತಿದ್ದ; ಅದನ್ನು ಎಲ್ಲಿ ಇಳಿಸಬೇಕೋ ತಿಳಿಯದವನ ಹಾಗೆ. ಪಕ್ಕದ ಮನೆಯ ತಮಿಳು ಮಾಮಿಯೊಬ್ಬಳೇ 'ಪೋದುಂ, ವಿಟ್ಟುಡುಂಗೊ', ಸಾಕು ಬಿಟ್ಟುಬಿಡಿ, ಎಂದು ಅಮ್ಮನ ತೋಳು ಹಿಡಿದದ್ದು. ಅಮ್ಮ ಕೊಡವಿಕೊಂಡರು. ಮೇಲಿನಮ್ಮ ಎದ್ದು ಅಂಗಳಕ್ಕೆ ಓಡಿ ಎಲ್ಲವನ್ನೂ ಕಾರಿಕೊಳ್ಳುವವರೆಗೆ ಅದು ನಿಲ್ಲಲಿಲ್ಲ.

ಮಾಮಿಯೇ ಮೆಟ್ಟಿಲ ಮೇಲೆ ಅವಳನ್ನು ಕೂರಿಸಿ, ಬಾಯಿ ತೊಳೆಸಿ, ಅರೆಬರೆ ಇಂಗ್ಲಿಷಿನಲ್ಲಿ ವಿಷಯ ತಿಳಿಸಿದಳು. ತಿಳಿದಾಗ ಅವಳ ಬಾಯಿಂದ ಹೊರಟ ಸದ್ದನ್ನು ನಾನು ಬರೆಯಲಾರೆ. ಬೆಳಗ್ಗೆ ಅಮ್ಮನ ಬಾಯಿಂದ ಬರಬೇಕಾಗಿದ್ದ ಸದ್ದು ಅದು.

ಆಮೇಲೆ ಅವಳು ನಡುಮೆಟ್ಟಿಲಿಗೂ ಇಳಿಯಲಿಲ್ಲ. ಅಪ್ಪ ಮನೆ ಬಿಡಲು ಹೇಳಿದರು. ಕೊಟ್ಟ ಕಾರಣ ಏನು ಗೊತ್ತೇ? ಚರ್ಮದ ಕೆಲಸವೆಂದು ನಮಗೆ ತಿಳಿದಿರಲಿಲ್ಲ, ಆಚಾರದ ಮನೆ ಇದು. ಎರಡು ವರ್ಷ ಮೂಗು ಕಟ್ಟಿಕೊಂಡು ಕೂತಿದ್ದ ಆಚಾರ ಅಂದು ದಿಢೀರನೆ ಎಚ್ಚೆತ್ತಿತು. ಕ್ರೋಂಪೇಟೆಯಿಂದ ಲಾರಿ ಬಂತು. ಚಿಕ್ಕಪ್ಪ ಸ್ವತಃ ಒಂದು ಟ್ರಂಕು ಹೊತ್ತು ಕೊಟ್ಟರು. ಹೊರಡುವ ಮುಂಚೆ ಮೇಲಿನಮ್ಮ ಹಜಾರದ ಬಾಗಿಲಲ್ಲಿ ನಿಂತು, ಅಮ್ಮ ಕಲಿಸಿದ್ದ ಹಾಗೆ ಬಗ್ಗಿ ನಮಸ್ಕಾರ ಮಾಡಿದಳು. ಅಮ್ಮ ಅಕ್ಕಿ ಆರಿಸುತ್ತಿದ್ದರು. ತಲೆಯೆತ್ತಲಿಲ್ಲ. ಅವಳು ಗೇಟಿನವರೆಗೂ ಹಿಂದೆ ಹಿಂದೆ ನಡೆದು ಹೋದಳು. ಅದೂ ಸುಳ್ಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ... ಆ ದಿನ ಯಾರೂ ನಗಲಿಲ್ಲ. ಅರವತ್ತರ ಮೊದಲಿಗೆ ಅವರು ದೇಶ ಬಿಟ್ಟರೆಂದು ಯಾರೋ ಹೇಳಿದರು. ಅಷ್ಟೇ ಗೊತ್ತಿರುವುದು.

ನನ್ನ ಮದುವೆಯಾದ ಮೇಲೆ ಒಮ್ಮೆ ಅಮ್ಮನಿಗೆ ಹೇಳಿದೆ. ಅವಳಾಗಿ ಮಾಡಿದ್ದಲ್ಲ ಅಮ್ಮ, ಚಿಕ್ಕಪ್ಪ ಹೇಳಿಕೊಟ್ಟದ್ದು, ನಾನು ಕೇಳಿಸಿಕೊಂಡಿದ್ದೆ ಎಂದು. ಅಮ್ಮ ಬೆಚ್ಚಿ ಬೀಳುತ್ತಾರೆಂದು ಕಾದೆ. ಅವರು ಎಲೆಗೆ ಸುಣ್ಣ ಸವರುತ್ತ ಕೂತಿದ್ದರು.

'ಗೊತ್ತಿತ್ತ್' ಎಂದರು. 'ಪೆಟ್ಟಿಗೆ ಕಂಡ್ ಕೂಡ್ಲೇ ಗೊತ್ತಾಯ್ತ್. ಅವ್ನದ್ದಲ್ದೆ ಇನ್ಯಾರದ್ದ್ ಆ ಬುದ್ಧಿ?'

'ಮತ್ತೆ ಅವಳಿಗೇಕೆ...'

'ಮನೆ ಗಂಡ್ಸಿನ ಬಾಯಿಗೆ ತುರ್ಕುಕೆ ಆತ್ತಾ?'

ಅತ್ತೆ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುವ ಗಾದೆಯನ್ನು ಜನ ನಗುತ್ತ ಹೇಳುತ್ತಾರೆ. ಕೊತ್ತಿಯನ್ನು ನೋಡಿದವಳು ನಾನು, ನನಗೆ ನಗು ಬರುವುದಿಲ್ಲ. ಅಮ್ಮನನ್ನು ದೂಷಿಸಲೂ ಆಗದು, ಕ್ಷಮಿಸಲೂ ಆಗದು. ಅವರೊಡನೆ ಬದುಕಿದೆ, ಮೊನ್ನೆ ಬಾಯಿಗೆ ನೀರು ಬಿಟ್ಟು ಕಳಿಸಿಕೊಟ್ಟೆ.

ಚಿಕ್ಕಪ್ಪ ಇನ್ನೂ ಇದ್ದಾರೆ. ಗಟ್ಟಿಮುಟ್ಟು. ನಡುವೆ ಎಷ್ಟೋ ವರ್ಷ ಕ್ಲಬ್ಬುಗಳಲ್ಲಿ ವಿದೇಶದವರಿಗೆ ನಮ್ಮ ಆಚಾರ ವಿಚಾರದ ಬಗ್ಗೆ ಭಾಷಣ ಮಾಡಿ ಶಾಲು ಹೊದಿಸಿಕೊಂಡವರು. ಅಮ್ಮನ ಸಮಾರಾಧನೆಯಲ್ಲಿ ಮೊದಲ ಎಲೆ ಅವರದೇ. ಲಾಡು ಬಡಿಸುತ್ತ ಬಂದವನನ್ನು ತಡೆದು ನಾನು ಬುಟ್ಟಿ ಇಸಿದುಕೊಂಡೆ. ಒಂದು ಹಾಕಿದೆ. ತಿಂದರು. ಇನ್ನೊಂದು ಹಾಕಿದೆ. ಅದನ್ನೂ ತಿಂದರು. ಮತ್ತೊಂದಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಕೈ ಸರಿಸಿ ಹಾಕಿದೆ.

'ತಿನ್ನಿ ಚಿಕ್ಕಪ್ಪ' ಎಂದೆ. ನನ್ನ ದನಿ ಅಮ್ಮನದರ ಹಾಗೇ ಕೇಳಿಸಿತು.

ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ಈಗ ನೆನಪಾಯಿತು, ಈಗ ಆ ಮುಖ ಇಳಿಯುತ್ತದೆ ಎಂದು ಬುಟ್ಟಿ ಹಿಡಿದು ಕಾದೆ. ಅವರು ಪಕ್ಕದ ಎಲೆಯವರ ಕಡೆ ತಿರುಗಿ, 'ಅಣ್ಣನ ಮಗಳು. ನನ್ನ್ ಕಂಡ್ರೆ ಸಣ್ಣದಿರೋವಾಗ್ಲಿಂದ ಬಾರೀ ಪ್ರೀತಿ' ಎಂದರು. ಲಾಡು ಮುರಿದು ಬಾಯಿಗೆ ಹಾಕಿಕೊಂಡು, ಬೆರಳು ನೆಕ್ಕಿ, 'ಪಚ್ಚಕರ್ಪೂರ ಬಿದ್ರೆ ಆ ರುಚಿಯೇ ಬೇರೆ' ಎಂದರು.

ಅಮ್ಮ ಇಲ್ಲ. ಕೂಸು ಎಂದೋ ಇಲ್ಲ. ಮೇಲಿನಮ್ಮ ಯಾವ ಚಳಿಯ ಊರಿನ ಮಣ್ಣಲ್ಲಿದ್ದಾಳೋ. ಆ ದಿನವನ್ನು ನೆನಪಿಟ್ಟುಕೊಂಡವಳು ಇನ್ನು ನಾನೊಬ್ಬಳೇ. ಬುಟ್ಟಿ ತೆಗೆದುಕೊಂಡು ಮುಂದಿನ ಎಲೆಗೆ ಹೋದೆ.