ಫೋನಕ್ಕನ ಮೇಜು ಎತ್ತಿಸಹೊರಟವರು

ಬಸ್ ಡಿಪೋಗಳಿಗೆ ಡ್ಯೂಟಿ ಪಟ್ಟಿ ಮಾಡಿಕೊಡುವ ಆ ಸಾಫ್ಟ್‌ವೇರ್ ಬರೆದವರು ನಾಲ್ಕು ಜನ ಎಂಜಿನಿಯರುಗಳು. ಅದು ಹನ್ನೊಂದು ವರ್ಷ ಮುಗ್ಗರಿಸದೆ ನಡೆದದ್ದು ಮಾತ್ರ ಆ ಆಫೀಸಿನಲ್ಲಿ ಎಲ್ಲರೂ ಫೋನಕ್ಕ ಎಂದು ಕರೆಯುತ್ತಿದ್ದವಳ ಬಾಯಿಂದ. ಪಟ್ಟಿ ಹಾಕುವ ಕ್ರಮದಲ್ಲಿ ಏನೇ ಬದಲಾಗಲಿ, ಅವಳು ಮೊದಲು ಇಪ್ಪತ್ತೆರಡು ಡಿಪೋಗಳ ಗುಮಾಸ್ತರಿಗೆ ಫೋನ್ ಹಚ್ಚಿ ಓದಿ ಹೇಳಬೇಕು. ಆ ಕಡೆಯಿಂದ "ಹೂಂ, ಹಾಕಿ" ಅಂತ ಬಂದ ಮೇಲೆಯೇ ಎಂಜಿನಿಯರುಗಳು ಕೈ ಹಾಕುತ್ತಿದ್ದರು.

ದೊಡ್ಡ ಕಂಪನಿಯೊಂದು ಈ ಪುಟ್ಟ ಕಂಪನಿಯನ್ನು ಇಡಿಯಾಗಿ ಕೊಂಡಿತು. ಕೊಂಡವರ ಕಣ್ಣಿಗೆ ಸಾಫ್ಟ್‌ವೇರ್ ಬಿತ್ತು, ಫೋನ್ ಬೀಳಲಿಲ್ಲ. ಹೊಸ ಮ್ಯಾನೇಜರ್ ಬಂದು, ಎಲ್ಲವನ್ನೂ ಹೆಡ್ಡಾಫೀಸಿನ ಸಿಸ್ಟಮ್ಮಿಗೆ ಜೋಡಿಸುತ್ತೇವೆ, ತಿಂಗಳ ಕೊನೆಗೆ ಫೋನಕ್ಕನ ಕೆಲಸ ರದ್ದು, ಡಿಪೋದವರ ಜೊತೆ ಇನ್ನು ಯಾರೂ ನೇರ ಮಾತಾಡಕೂಡದು ಎಂದ.

"ಸಾರ್, ಡಿಪೋದಲ್ಲಿ ದಿನ ಶುರುವಾಗೋದು ನಡುರಾತ್ರಿಗಲ್ಲ, ಬೆಳಗಿನ ಮೊದಲ ಬಸ್ಸಿಗೆ. ನಿಮ್ಮ ಕ್ಯಾಲೆಂಡರ್ ಹಾಕಿದ್ರೆ ಎಡವಟ್ಟಾಗತ್ತೆ."

"ಫಾರ್ಮ್ ತುಂಬಿ ಕಳಿಸಿ ಮೇಡಂ, ನೋಡ್ತಾರೆ."

ಕಳಿಸಿದಳು. ನಾಯಿಯೂ ಮೂಸಲಿಲ್ಲ.

ಹೊಸ ಸಿಸ್ಟಮ್ ಶುರುವಾದ ದಿನ ಸಂಜೆ ನಾಲ್ಕಕ್ಕೆ ಮರುದಿನದ ಪಟ್ಟಿ ಹೊರಬಿತ್ತು. ನಾಲ್ಕೂಕಾಲಿಗೆ ಅವಳ ಸ್ವಂತ ಮೊಬೈಲಿಗೆ ಡಿಪೋ ಗುಮಾಸ್ತನೊಬ್ಬನ ಕರೆ.

"ಏನಕ್ಕಾ ಇದು, ನಮ್ಮ ಡ್ರೈವರ್‌ಗಳು ಮನುಷ್ಯರೋ ಕಬ್ಬಿಣವೋ? ರಾತ್ರಿ ಒಂದಕ್ಕೆ ಬಸ್ ನಿಲ್ಲಿಸೋನಿಗೆ ನಾಲ್ಕೂವರೆಗೆ ಮತ್ತೆ ಡ್ಯೂಟಿ ಕೊಟ್ಟಿದೀರಲ್ಲ! ಒಬ್ಬರಲ್ಲ, ಹದಿನಾಲ್ಕು ಜನ!"

ನಡುರಾತ್ರಿ ತಾರೀಖು ಬದಲಾಗುತ್ತದಲ್ಲ, ತಾರೀಖು ಬೇರೆಯಾದ ಮೇಲೆ ದಿನವೂ ಬೇರೆ ಎಂದು ಸಿಸ್ಟಮ್ ಅವರನ್ನೆಲ್ಲ ಮಲಗಿ ಎದ್ದು ಬಂದವರೆಂದು ತಿಳಿದಿತ್ತು.

ಫೋನಕ್ಕ ಪಟ್ಟಿ ತೆಗೆದು ಆ ಹದಿನಾಲ್ಕು ಹೆಸರಿಗೂ ಕೆಂಪು ಗೆರೆ ಎಳೆದಳು. ತೂಕಡಿಸುವವನ ಹಿಂದೆ ಐವತ್ತು ಜನ ಕೂತಿರುತ್ತಾರೆ. ಮೇಲಿನವರ ಆದೇಶಕ್ಕಿಷ್ಟು ಬೆಂಕಿ ಬೀಳ ಎಂದು ಒಂದೊಂದೇ ಡಿಪೋಗೆ ಫೋನ್ ಹಚ್ಚಿದಳು. "ಈ ಪಟ್ಟಿ ಹರಿದು ಬಿಸಾಕಿ. ಹೋದ ವಾರದ್ದನ್ನೇ ನಡೆಸಿ. ಕೇಳಿದ್ರೆ ಫೋನಕ್ಕ ಹೇಳಿದ್ಲು ಅನ್ನಿ." ಏಳೂವರೆಗೆ ಇಪ್ಪತ್ತೆರಡನೆಯ "ಹೂಂ" ಬಂತು.

ಮರುದಿನ ಬಸ್ಸುಗಳು ಸುಸೂತ್ರವಾಗಿ ಓಡಿದವು. ಮ್ಯಾನೇಜರ್ ಮಾತ್ರ ಕೆಂಡವಾಗಿ ಬಂದ. "ಯಾರನ್ನ ಕೇಳಿ ಮಾಡಿದ್ರಿ?"

"ಯಾರನ್ನೂ ಇಲ್ಲ. ಕೇಳಿದ್ರೆ ಫಾರ್ಮ್ ಕೊಡ್ತಿದ್ರಿ."

ಹದಿನಾಲ್ಕು ಹೆಸರಿಗೆ ಕೆಂಪು ಗೆರೆ ಎಳೆದ ಪಟ್ಟಿಯನ್ನು ಮುಂದೆ ತಳ್ಳಿದಳು. ಅವನು ಓದುತ್ತ ಓದುತ್ತ ಕುರ್ಚಿ ಎಳೆದುಕೊಂಡು ಕೂತ.

"ಇದನ್ನ ನಮಗೆ ಯಾರೂ ಹೇಳಲೇ ಇಲ್ವಲ್ಲ..."

"ನಾನು ಹೇಳಿದ್ದೆ. ಹೇಳೋಳ ಮೇಜೇ ಎತ್ತಿಸ್ತಿದ್ದೀರಲ್ಲ ಸಾರ್."

ಅವನು ಕೆಟ್ಟವನಲ್ಲ. ತಪ್ಪು ಮುಚ್ಚಿಡದೆ ಹೆಡ್ಡಾಫೀಸಿಗೆ ಬರೆದ. ನಾಲ್ಕನೇ ದಿನಕ್ಕೆ ಉತ್ತರ ಬಂತು: ಜೋಡಣೆ ಕೈಬಿಟ್ಟಿದೆ, ಹಳೆಯ ಕ್ರಮವೇ ಮುಂದುವರಿಯಲಿ, ಡಿಪೋಗಳಿಗೆ ಫೋನ್ ಮಾಡುವ ಕೆಲಸವೂ ಸೇರಿ. ಫೋನಕ್ಕ ಎರಡು ಸಲ ಓದಿದಳು. ಬರೀ ಕಾಗದವನ್ನು ನಂಬುವವಳಲ್ಲ, ಅದರ ಮೇಲೆ ಮ್ಯಾನೇಜರನ ಕೈಯಲ್ಲಿ ಸಹಿ ಹಾಕಿಸಿಕೊಂಡಳು.

ಮನೆಯಲ್ಲಿ ದರ್ಜಿ ಗಂಡ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹುಬ್ಬು ಹಾರಿಸಿದ.

"ಉಳೀತು ಕಣ್ರೀ," ಎಂದು ಅವಳು ಹೊಸ್ತಿಲ ಮೇಲೆಯೇ ಕೂತು ಕಾಲು ಚಾಚಿದಳು.